ಯಡೂರಿನಲ್ಲಿ ಮೂರು ದಿನ: ಒಂದು ಇದ್ದಿಲು ಚಿತ್ರದ ಪ್ರಸಂಗ

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ತಾಲೂಕಿನಲ್ಲಿ ಕೃಷ್ಣಾನದಿಯ ದಡದಲ್ಲಿರುವ ಶ್ರೀಕ್ಷೇತ್ರ ಯಡೂರು ನಮ್ಮ ಓದುಗರಲ್ಲಿ ಬಹುಮಂದಿಗೆ ಪರಿಚಿತವಾದ ಸ್ಥಳ. ವೀರಭದ್ರೇಶ್ವರನನ್ನು ಮನೆದೇವರೆಂದು ನಡೆದುಕೊಳ್ಳುವ ಕುಟುಂಬಗಳು ಕರ್ನಾಟಕದಿಂದ ಮಾತ್ರವಲ್ಲ, ಗಡಿಯಾಚೆಯ ಮಹಾರಾಷ್ಟ್ರದಿಂದಲೂ ಇಲ್ಲಿಗೆ ಬರುತ್ತವೆ. ಕ್ಷೇತ್ರದ ಮಹಿಮೆಯನ್ನಾಗಲಿ, ಶ್ರೀಶೈಲ ಪೀಠದ ಪರಂಪರೆಗೆ ಸೇರಿದ ಕಾಡಸಿದ್ಧೇಶ್ವರ ಮಠದ ಇತಿಹಾಸವನ್ನಾಗಲಿ ಬರೆಯುವುದು ಈ ಲೇಖನದ ಉದ್ದೇಶವಲ್ಲ. ಅದನ್ನು ನನಗಿಂತ ಬಲ್ಲವರು ಬರೆದಿದ್ದಾರೆ. ನಾನು ಹೇಳಹೊರಟಿರುವುದು ಆ ಊರಿನಲ್ಲಿ ಮೂರು ದಿನ ಉಳಿದಾಗ ಕಂಡ ಒಂದು ವಿದ್ಯಾಭ್ಯಾಸದ ಸಂಗತಿ ಮತ್ತು ಆ ನಿಮಿತ್ತ ಒಂದು ಮನೆಯಲ್ಲಿ ನಡೆದ ವಾದ.

ಮಠದ ಪಾಠಶಾಲೆಯಲ್ಲಿ ನನ್ನೊಡನೆ ಒಂದೇ ಚಾಪೆಯ ಮೇಲೆ ಕುಳಿತು ಅಮರಕೋಶ ಬಾಯಿಪಾಠ ಮಾಡಿದ ಸಹಪಾಠಿಯೊಬ್ಬರು ಯಡೂರಿನಲ್ಲಿದ್ದಾರೆ. ಕಬ್ಬಿನ ಒಕ್ಕಲುತನ, ತುಂಬಿದ ಮನೆ. ಕಳೆದ ಬೇಸಿಗೆಯ ಆರಂಭದಲ್ಲಿ ಅವರು ಫೋನಿನಲ್ಲಿ ಹೇಳಿದ್ದು ಇಷ್ಟು: “ಶಾಸ್ತ್ರೀ, ಮೊಮ್ಮಗಳ ಸಲುವಾಗಿ ಮನ್ಯಾಗ ಕಟಿಪಿಟಿ ನಡದೈತಿ. ನೀ ಬಂದು ಒಂದ ಮಾತು ಹೇಳಿ ಮುಗಿಸು.” ಆ ಹುಡುಗಿ ಚಿತ್ರಕಲಾ ಕಾಲೇಜಿನಲ್ಲಿ ಒಂದು ವರ್ಷ ಮುಗಿಸಿದ್ದಾಳೆ. ಎರಡನೆಯ ವರ್ಷದಲ್ಲಿ ಜೀವಂತ ವ್ಯಕ್ತಿಯನ್ನು ಎದುರಿಗೆ ಕೂರಿಸಿಕೊಂಡು, ಇದ್ದಿಲಿನಿಂದ ಅವರ ದೇಹದ ಚಿತ್ರ ಬರೆಯುವ ಅಭ್ಯಾಸ ಹೆಚ್ಚಾಗುತ್ತದೆ. ಕೂರುವವರಲ್ಲಿ ಗಂಡಸರೂ ಇರುತ್ತಾರೆ. ಕೆಲವರು ಅಂಗಿ ತೆಗೆದು ಕೂರುತ್ತಾರೆ. ಈ ಸುದ್ದಿ ಹುಡುಗಿಯ ತಂದೆಯ ಕಿವಿಗೆ ಬಿದ್ದು, ಕಾಲೇಜು ಬಿಡಿಸುವ ಮಾತು ಹೊರಟಿತ್ತು.

ಚಿಕ್ಕೋಡಿಯಿಂದ ಯಡೂರಿಗೆ ಹೋಗುವ ದಾರಿಯ ಎರಡೂ ಬದಿಗೆ ಕಬ್ಬು. ಬೇಸಿಗೆಯಲ್ಲಿ ಕೃಷ್ಣೆ ಸಾಧುವಾಗಿರುತ್ತಾಳೆ. ಮಳೆಗಾಲದಲ್ಲಿ ಮಹಾರಾಷ್ಟ್ರದ ಘಟ್ಟಗಳಲ್ಲಿ ಮಳೆ ಜಡಿದರೆ ಕಲ್ಲೋಳ–ಯಡೂರು ಸೇತುವೆ ನೀರಿನಡಿ ಹೋಗುತ್ತದೆ. ಜನ ಸುತ್ತು ಬಳಸಿ ಹೋಗಬೇಕಾಗುತ್ತದೆ. 2005ರಲ್ಲಿ, 2019ರ ಆಗಸ್ಟಿನಲ್ಲಿ, ಮತ್ತೆ 2021ರ ಜುಲೈನಲ್ಲಿ ಬಂದ ಮಹಾಪೂರಗಳನ್ನು ಈ ಭಾಗದ ಜನ ಮಕ್ಕಳ ಹುಟ್ಟಿದ ವರ್ಷ ಹೇಳುವಂತೆ ಹೇಳುತ್ತಾರೆ. ನನ್ನ ಮಿತ್ರರ ಮನೆಯ ಪಡಸಾಲೆಯ ಗೋಡೆಯಲ್ಲಿ 2019ರ ನೀರು ನಿಂತ ಗುರುತು ಸುಣ್ಣ ಬಳಿದ ಮೇಲೂ ಕಾಣುತ್ತದೆ. ಆ ವರ್ಷ ಮನೆಯವರು ದನಕರುಗಳನ್ನೂ ಕಾಳಿನ ಚೀಲಗಳನ್ನೂ ಉಳಿಸಿಕೊಂಡರು. ಗೋಡೆಯ ಮೇಲಿದ್ದ ಫೋಟೋಗಳನ್ನು ನೆನೆಯಲು ಯಾರಿಗೂ ಪುರಸತ್ತಿರಲಿಲ್ಲ. ಅದರಲ್ಲಿ ಮಿತ್ರರ ಅಣ್ಣನವರು ಪುರವಂತರ ವೇಷದಲ್ಲಿ ನಿಂತ ಫೋಟೋ ಒಂದಿತ್ತು. ಇದ್ದದ್ದು ಅದೊಂದೇ.

ಪುರವಂತಿಕೆಯನ್ನು ನೋಡದ ಓದುಗರಿಗಾಗಿ ಎರಡು ಮಾತು. ವೀರಭದ್ರನ ಸೇವೆಯಲ್ಲಿ ಕಾಸೆ ಬಿಗಿದು, ಎದೆಗೆ ವೀರಭದ್ರನ ಮುಖ ಕಟ್ಟಿ, ಸೊಂಟಕ್ಕೆ ಗಂಟೆ, ಕಾಲಿಗೆ ಗೆಜ್ಜೆ, ಕೈಯಲ್ಲಿ ಖಡ್ಗ ಹಿಡಿದು, ಒಡಪು ಹೇಳುತ್ತ ಕುಣಿಯುವವರು ಪುರವಂತರು. ದಕ್ಷಯಜ್ಞದ ಕಥೆಯೇ ಒಡಪಿನ ಜೀವಾಳ. ಶಸ್ತ್ರ ಹಾಕಿಕೊಳ್ಳುವುದೂ ಸೇವೆಯ ಭಾಗ. ಮಿತ್ರರ ಅಣ್ಣನವರು ನಲವತ್ತು ವರ್ಷ ಈ ಸೇವೆ ಮಾಡಿದವರು. ಈಗ ಎಂಬತ್ತರ ಅಂಚಿನಲ್ಲಿದ್ದಾರೆ. ಬೆನ್ನು ಬಾಗಿದೆ, ಎಡಗೈ ಸ್ವಾಧೀನದಲ್ಲಿಲ್ಲ, ಧ್ವನಿ ಮಾತ್ರ ಹಾಗೆಯೇ ಇದೆ.

ನಾನು ಹೋದ ದಿನ ಮುಂಜಾನೆ ಹುಡುಗಿ ಮನೆಯಲ್ಲಿರಲಿಲ್ಲ. “ಗಾಣಕ್ಕ ಹೋಗ್ಯಾಳ” ಎಂದರು. ಬೆಲ್ಲದ ಗಾಣದಲ್ಲಿ ಅವಳಿಗೇನು ಕೆಲಸವೆಂದು ನೋಡಹೋದೆ. ಸಮನಾಗಿ ಕತ್ತರಿಸಿ ಸಿಪ್ಪೆ ತೆಗೆದ ಹುಣಸೆಯ ಕಡ್ಡಿಗಳನ್ನು ಒಂದು ತಗಡಿನ ಡಬ್ಬಿಯಲ್ಲಿ ಒತ್ತಾಗಿ ತುಂಬಿ, ಮುಚ್ಚಳ ಹಾಕಿ, ಸಂದಿಗೆ ಕೆಸರು ಮೆತ್ತಿ, ಮೊಳೆಯಿಂದ ಒಂದು ಸಣ್ಣ ತೂತು ಮಾಡಿ, ಆರುತ್ತಿದ್ದ ಒಲೆಯ ಕೆಂಡದಲ್ಲಿಟ್ಟು ಕಾಯುತ್ತಿದ್ದಳು. ತೂತಿನಿಂದ ಮೊದಲು ಹೊಗೆ ಬರುತ್ತದೆ. ಅದು ನಿಂತಾಗ ಡಬ್ಬಿ ತೆಗೆದು, ಪೂರ್ತಿ ಆರುವ ತನಕ ಮುಚ್ಚಳ ಮುಟ್ಟಬಾರದು. ಒಳಗೆ ಗಾಳಿ ಹೋದರೆ ಕಡ್ಡಿ ಬೂದಿಯಾಗುತ್ತದೆ, ಹೋಗದಿದ್ದರೆ ಇದ್ದಿಲಾಗುತ್ತದೆ. ಶ್ರೀಕಾಳಹಸ್ತಿಯ ಕಲಂಕಾರಿ ಕುಶಲಿಗಳೂ ಬಟ್ಟೆಯ ಮೇಲೆ ಮೊದಲ ಗೆರೆ ಎಳೆಯುವುದು ಹುಣಸೆಯ ಇದ್ದಿಲಿನಿಂದಲೇ. ಅಂಗಡಿಯ ಕಡ್ಡಿ ತುಟ್ಟಿಯಾಗುತ್ತದೆಂದು ಈ ಹುಡುಗಿ ಆ ದಾರಿ ಹಿಡಿದಿದ್ದಳು.

ಅವಳನ್ನು ನೋಡುತ್ತ ನನಗೆ ನೆನಪಾದದ್ದು ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರ. ಬಸವಣ್ಣನವರು ಕಲ್ಯಾಣಕ್ಕೆ ಬರುವುದಕ್ಕೆ ಕೆಲವೇ ವರ್ಷ ಮೊದಲು, 1126ರಿಂದ 1138ರವರೆಗೆ, ಆಳಿದ ಈ ಅರಸನ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಚಿತ್ರವಿದ್ಯೆಗೇ ಮೀಸಲಾದ ಭಾಗವಿದೆ. ಕಾಡಿಗೆಯನ್ನು ಅನ್ನದ ಅಗುಳಿನೊಡನೆ ಅರೆದು ಬತ್ತಿಯಂತೆ ಹೊಸೆದು ಒಣಗಿಸಿದ ‘ವರ್ತಿಕೆ’ಯಿಂದ ಮೊದಲ ಆಕಾರವನ್ನು ಬರೆಯಬೇಕೆಂದು ಅಲ್ಲಿ ಹೇಳಿದೆ. ಎದುರಿಗಿರುವುದನ್ನು ಕನ್ನಡಿಯ ಬಿಂಬದಂತೆ ಹೋಲುವ ಹಾಗೆ ಬರೆದದ್ದು ‘ವಿದ್ಧ’ ಚಿತ್ರ. ಮನಸ್ಸಿಗೆ ತೋರಿದ ಆಕಾರವನ್ನು ಬರೆದದ್ದು ‘ಅವಿದ್ಧ’ ಎಂಬ ವಿಭಾಗವೂ ಇದೆ. ಈ ಎರಡು ಶಬ್ದಗಳನ್ನು ನಾನು ಹಿಂದೆ ಓದಿ ಮುಂದೆ ಹೋಗಿದ್ದೆ. ಅವುಗಳ ನಡುವೆ ಎಷ್ಟು ದೊಡ್ಡ ಜಗಳವಿದೆ ಎಂಬುದು ಆ ಮನೆಯಲ್ಲಿ ತಿಳಿಯಿತು.

ಮಧ್ಯಾಹ್ನದ ಪ್ರಸಾದವಾದ ಮೇಲೆ ಪಡಸಾಲೆಯಲ್ಲಿ ಸಭೆ ಸೇರಿತು. ಹುಡುಗಿಯ ತಂದೆ ವಿನಯವಂತ. ಆದರೆ ಮಾತು ಸ್ಪಷ್ಟ. “ಕಾಕಾ, ಹೆಣ್ಣುಹುಡುಗಿ ಗಂಡಸೂರ ಮೈ ದಿಟ್ಟಿಸಿಕೋಂತ ತಾಸುಗಟ್ಟಲೆ ಕೂತ್ರ, ನಾಳೆ ಬೀಗತನ ಮಾಡಾಕ ಬಂದವರು ಏನಂದಾರು?” ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಹೆಣ್ಣುಮಕ್ಕಳ ತಂದೆಯಾದವನ ಅಂಜಿಕೆ ನನಗೂ ಗೊತ್ತು. ಇದು ಹೊಸ ಪ್ರಶ್ನೆಯೂ ಅಲ್ಲ. ಮುಂಬಯಿಯ ಜೆ.ಜೆ. ಕಲಾಶಾಲೆ ಆರಂಭವಾದದ್ದು 1857ರಲ್ಲಿ. ಮಕ್ಕಳು ಬಹುಕಾಲ ಗ್ರೀಕ್ ಪ್ರತಿಮೆಗಳ ಗಾರೆ ಅಚ್ಚುಗಳನ್ನೇ ನೋಡಿ ಬರೆಯುತ್ತಿದ್ದರು. 1919ರ ಸುಮಾರಿಗೆ ಅದರ ಮುಖ್ಯಸ್ಥರಾಗಿದ್ದ ಗ್ಲ್ಯಾಡ್‌ಸ್ಟನ್ ಸಾಲಮನ್ ಎಂಬವರು ಜೀವಂತ ಮನುಷ್ಯರನ್ನು ನೋಡಿ ಬರೆಯುವ ‘ಲೈಫ್ ಕ್ಲಾಸ್’ ಆರಂಭಿಸಿದರು. ಕಲಬುರಗಿಯ ಎಸ್. ಎಂ. ಪಂಡಿತರು (1916–1993) ಕಲಿತದ್ದು ಅದೇ ಶಾಲೆಯಲ್ಲಿ. ಅವರು ಬರೆದ ದೇವಾನುದೇವತೆಗಳ ಕ್ಯಾಲೆಂಡರುಗಳನ್ನು ನಮ್ಮ ಎಷ್ಟು ಮನೆಗಳಲ್ಲಿ ದೇವರ ಕೋಣೆಯಲ್ಲಿ ತೂಗುಹಾಕಿಲ್ಲ! ಆ ಶಿವನ ಭುಜವೂ ತೋಳೂ ಜೀವಂತ ದೇಹವನ್ನು ನೋಡಿ ಪಳಗಿದ ಕೈಯಿಂದ ಬಂದವು. ಬೆಳಗಾವಿಯಲ್ಲಿಯೇ ಕೆ. ಬಿ. ಕುಲಕರ್ಣಿಯವರು ಭಾವಚಿತ್ರ ವಿದ್ಯೆಯನ್ನು ಬೆಳೆಸಿದರು. ಅವರ ಶಿಷ್ಯ ರವಿ ಪರಾಂಜಪೆ (1935–2022) ದೇಶದಾದ್ಯಂತ ಹೆಸರು ಪಡೆದರು.

ಇದನ್ನೆಲ್ಲ ನಾನು ಹೇಳಿದೆ. ತಂದೆ ಕೇಳಿಕೊಂಡು, “ಅವರೆಲ್ಲ ಗಂಡಸೂರರೀ” ಎಂದುಬಿಟ್ಟ. ನನ್ನ ಪಾಂಡಿತ್ಯ ಅಲ್ಲಿಗೆ ಮುಗಿಯಿತು.

ಮರುದಿನ ಬೆಳಗ್ಗೆ ಹುಡುಗಿ ಅಭ್ಯಾಸ ಮಾಡುವುದನ್ನು ನೋಡುತ್ತೇನೆಂದು ನದಿಯ ಮೆಟ್ಟಿಲಿಗೆ ಹೋದೆ. ಯಾತ್ರಿಕರು ಮುಳುಗು ಹಾಕಿ ಏಳುತ್ತಿದ್ದರು. ಒದ್ದೆ ಧೋತರ ಹಿಂಡುವವರು, ಮಗುವಿನ ತಲೆ ಒರೆಸುವವರು, ವಿಭೂತಿ ಧರಿಸುವವರು. ಯಾರೂ ಯಾರನ್ನೂ ನೋಡುತ್ತಿರಲಿಲ್ಲ. ಹುಡುಗಿ ದೂರದಲ್ಲಿ ಮೇಲಿನ ಮೆಟ್ಟಿಲ ಮೇಲೆ ಹಲಗೆ ತೊಡೆಗಿಟ್ಟು ಕುಳಿತಿದ್ದಳು. ಹೆಂಗಸರು ಮೀಯುವ ಕಡೆಗೆ ಬೆನ್ನು. ಹಾಗೆ ಕೂರಬೇಕೆಂದು ಯಾರೂ ಅವಳಿಗೆ ಹೇಳಿರಲಿಲ್ಲ. ಒಬ್ಬೊಬ್ಬರಿಗೆ ಒಂದೇ ನಿಮಿಷ, ಕೆಲವೊಮ್ಮೆ ಅಷ್ಟೂ ಇಲ್ಲ. ಧೋತರ ಹಿಂಡುವ ಮನುಷ್ಯನ ಬೆನ್ನು ಒಂದೇ ಬಾಗಿದ ಗೆರೆ, ಮುಂಗೈಗೆ ಎರಡು, ಭಾರ ಹೊತ್ತ ಕಾಲಿಗೆ ಒಂದು ದಪ್ಪ ಗೀಟು. ಕಣ್ಣು ಮೂಗು ಯಾವುದೂ ಇಲ್ಲ. ಮುಖವೇ ಇಲ್ಲದ ಮೇಲೆ ಇವನಾರೆಂದು ಯಾರಿಗೂ ತಿಳಿಯದು. ಆದರೆ ಹಿಂಡುವ ಬಲ ಮಾತ್ರ ಹಾಳೆಯ ಮೇಲೆ ಇಳಿದಿರುತ್ತಿತ್ತು. “ಮೊದಲ ಏನ್ ಮಾಡಾಕತ್ತಾರ ಅನ್ನೂದ ಹಿಡೀಬೇಕ್ರಿ ಅಜ್ಜಾರ. ಯಾರು ಅನ್ನೂದು ಆಮ್ಯಾಲ” ಎಂದಳು.

ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರದಲ್ಲಿ ವಜ್ರನೆಂಬ ಅರಸನಿಗೆ ಮಾರ್ಕಂಡೇಯ ಮುನಿ, ನೃತ್ಯವನ್ನು ಅರಿಯದವನಿಗೆ ಚಿತ್ರ ತಿಳಿಯಲಾರದು ಎನ್ನುತ್ತಾನೆ. ಉಡುಪಿಯ ಬಳಿ ಹುಟ್ಟಿ ಜೆ.ಜೆ. ಶಾಲೆಯಲ್ಲಿ ಕಲಿತ ಕೆ. ಕೆ. ಹೆಬ್ಬಾರರು (1911–1996) ರೇಖೆಯ ಲಯಕ್ಕಾಗಿ ಕಥಕ್ ನೃತ್ಯವನ್ನೇ ಅಭ್ಯಾಸ ಮಾಡಿದರು. ಯಡೂರಿನ ಮೆಟ್ಟಿಲುಗಳ ಮೇಲೆ ಆ ಪುರಾಣವಾಕ್ಯ ನನಗೆ ಮೊದಲ ಬಾರಿ ಪಾಠವಾಗಿ ಕಂಡಿತು.

ಆಮೇಲೆ ಅವಳು ನನ್ನನ್ನೇ ಕೂರಿಸಿದಳು. ಇಪ್ಪತ್ತು ನಿಮಿಷ. “ಅಳ್ಳಾಡಬ್ಯಾಡ್ರಿ, ಉಸಿರಾಡ್ರಿ” ಎಂಬುದಷ್ಟೇ ಅಪ್ಪಣೆ. ನಾನು ನಿತ್ಯ ಶಿವಪೂಜೆಗೆ ತಾಸು ಕೂರುವವನು. ಇದೇನು ಮಹಾ ಎಂದುಕೊಂಡೆ. ಐದು ನಿಮಿಷಕ್ಕೆ ಮಂಡಿ ಜೋಮು ಹಿಡಿಯಿತು, ಎಂಟಕ್ಕೆ ಕಿವಿಯ ಮೇಲೆ ನೊಣ ಕುಳಿತಿತು. ಹುಡುಗಿ ಒಂದು ಕಣ್ಣು ಮುಚ್ಚಿ, ತೋಳು ಪೂರ್ತಿ ಚಾಚಿ, ಕಡ್ಡಿಯ ಮೇಲೆ ಹೆಬ್ಬೆರಳು ಸರಿಸುತ್ತ ನನ್ನ ತಲೆಯನ್ನು ಅಳೆದು, ಅದೇ ಅಳತೆಯಿಂದ ಮೈಯನ್ನು ಎಣಿಸುತ್ತಿದ್ದಳು. ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ಹಾಗೆ ನೋಡಿದಾಗ ಸಣ್ಣಪುಟ್ಟ ವಿವರ ಮಾಯವಾಗಿ ಬೆಳಕು ನೆರಳಿನ ದೊಡ್ಡ ಭಾಗಗಳು ಮಾತ್ರ ಉಳಿಯುತ್ತವಂತೆ. ತೋಳಿಗೂ ಪಕ್ಕೆಗೂ ನಡುವಿನ ಖಾಲಿ ಜಾಗದ ಆಕಾರವನ್ನೇ ಮೊದಲು ಬರೆದಳು. ಖಾಲಿಯನ್ನು ಸರಿಯಾಗಿ ಬರೆದರೆ ತೋಳು ತಾನಾಗಿ ಸರಿಯಾಗುತ್ತದೆ ಎಂದಳು. ತಪ್ಪಾದಲ್ಲಿ ಪಾವಿನ ತಿರುಳನ್ನು ಉಂಡೆ ಮಾಡಿ ಒತ್ತಿ ಇದ್ದಿಲನ್ನು ಎತ್ತಿಕೊಳ್ಳುತ್ತಿದ್ದಳು.

ಶಿಲ್ಪಶಾಸ್ತ್ರದಲ್ಲಿ ಉತ್ತಮ ಪುರುಷನ ದೇಹ ನವತಾಲ, ಅಂದರೆ ಒಂಬತ್ತು ಮುಖದಷ್ಟು ಎತ್ತರ. ತಾಲಕ್ಕೆ ಹನ್ನೆರಡು ಅಂಗುಲದಂತೆ ನೂರೆಂಟು ಅಂಗುಲ. ಅವಳ ಕಾಲೇಜಿನ ಪಾಠದಲ್ಲಿ ನಿಂತ ಮನುಷ್ಯ ಏಳೂವರೆ ತಲೆ. ವಿರೋಧವೇನೂ ಇಲ್ಲ. ನಮ್ಮವರು ಕೂದಲಂಚಿನಿಂದ ಗದ್ದದವರೆಗಿನ ಮುಖವನ್ನು ಅಳತೆಗೋಲಾಗಿ ಹಿಡಿದರೆ, ಅವರು ನೆತ್ತಿಯಿಂದ ಹಿಡಿಯುತ್ತಾರೆ. ಇದನ್ನು ಹೇಳಿದಾಗ ಹುಡುಗಿ ನಕ್ಕು, “ದೊಡ್ಡಜ್ಜ ಆರೂವರಿ ತಲಿ ಅದಾನ್ರಿ. ಬೆನ್ನು ಬಾಗೇತಿ, ಮಂಡಿನೂ ಸೆಟದು ನಿಲ್ಲಂಗಿಲ್ಲ” ಎಂದಳು. ಶಾಸ್ತ್ರದಲ್ಲಿ ಮುದುಕನಾದ ಪುರವಂತನಿಗೆ ಪ್ರಮಾಣವಿಲ್ಲ.

ಇಪ್ಪತ್ತು ನಿಮಿಷವಾದ ಮೇಲೆ ಹಾಳೆ ತಿರುಗಿಸಿ ತೋರಿಸಿದಳು. ಬಲ ಹೆಗಲು ಎಡಕ್ಕಿಂತ ಜಗ್ಗಿದೆ. ಎಷ್ಟೋ ವರ್ಷ ಪುಸ್ತಕದ ಚೀಲ ತೂಗುಹಾಕಿದ ಹೆಗಲು ಅದು. ಅದು ಹೋಗಲಿ. ತೊಡೆಯ ಮೇಲಿಟ್ಟ ಕೈ ರುದ್ರಾಕ್ಷಿಯ ಸರವನ್ನು ಹಿಡಿದಿತ್ತು. ಶಾಂತವಾಗಿ ಕುಳಿತಿದ್ದೇನೆಂದು ನಾನು ಭಾವಿಸಿದ್ದೆ. ಚಿತ್ರದಲ್ಲಿ ಆ ಕೈ ಯಾರೋ ಕಸಿದುಕೊಂಡಾರೆಂಬಂತೆ ಮುಷ್ಟಿ ಬಿಗಿದಿತ್ತು. ತಿದ್ದೆಂದು ಹೇಳಲು ಬಾಯಿ ತೆರೆದೆ. ಕೆಳಗೆ ನೋಡಿಕೊಂಡೆ, ಮುಷ್ಟಿ ಇನ್ನೂ ಬಿಗಿದೇ ಇತ್ತು.

ಈ ಅನುಭವವಾದದ್ದರಿಂದಲೇ ಅಂದು ಸಂಜೆ ದೊಡ್ಡಜ್ಜನವರಿಗೆ ಬಂದ ಸಿಟ್ಟು ನನಗೆ ಅರ್ಥವಾಯಿತು. ಹುಡುಗಿ ನಾಲ್ಕು ದಿನ, ದಿನಕ್ಕೆ ಮೂರು ಪಾಳಿಯಂತೆ ಅವರನ್ನು ಕೂರಿಸಿ ದೊಡ್ಡ ಹಾಳೆಯ ಮೇಲೆ ಚಿತ್ರ ಬರೆದಿದ್ದಳು. ಪ್ರತಿ ಇಪ್ಪತ್ತು ನಿಮಿಷಕ್ಕೆ ವಿಶ್ರಾಂತಿ; ಮತ್ತೆ ಅದೇ ಭಂಗಿಗೆ ಬರಲು ನೆಲದ ಮೇಲೆ ಪಾದಗಳ ಸುತ್ತ ಸುಣ್ಣದ ಕಡ್ಡಿಯ ಗುರುತು. ಚಿತ್ರ ಮುಗಿದು ಎದುರಿಗೆ ಹಿಡಿದಾಗ ಅವರು ಬಹಳ ಹೊತ್ತು ನೋಡಿ, “ಯಾವನಿಂವ ಮುದುಕ?” ಎಂದರು. ಹೆಂಗಸರು ನಕ್ಕರು, ಅವರು ನಗಲಿಲ್ಲ. “ನನ್ನ ಫೋಟೋ ಹೊಳಿ ಒಯ್ತು. ಅದರ ಬದಲಿ ಇದನ್ನ ಗೋಡಿಗೆ ಹಾಕ್ತೀರೇನು? ಖಡ್ಗ ಹಿಡದು ನಿಂತಿದ್ನೆಲ್ಲಾ, ಹಂಗ ತಗಿ.” ಹುಡುಗಿಯ ಕಣ್ಣು ತುಂಬಿದವು. ಆದರೂ ಹೇಳಿದಳು: “ನಾ ಅದನ್ನ ನೋಡಿಲ್ಲ ದೊಡ್ಡಜ್ಜಾ. ನೋಡದ್ದು ಹ್ಯಾಂಗ ತಗೀಲಿ?”

ಮನೆಯಲ್ಲಿ ಎಲ್ಲರೂ ಹುಡುಗಿಯ ಮೇಲೆ ಎರಗಿದರು. ಮುದುಕನ ಆಸೆ, ಒಂದು ಸುಳ್ಳು ಗೆರೆ ಎಳೆದರೆ ಗಂಟೇನು ಹೋಗುತ್ತದೆ? ನಾನೂ ಮೊದಲು ಹಾಗೆಯೇ ಯೋಚಿಸಿದೆ. ಅವಿದ್ಧ ಚಿತ್ರಕ್ಕೆ ಶಾಸ್ತ್ರದ ಒಪ್ಪಿಗೆಯೂ ಇದೆಯಲ್ಲ! ಆದರೆ ನನ್ನ ಮುಷ್ಟಿ ನೆನಪಾಗಿ ಸುಮ್ಮನಾದೆ.

ಮೂರನೆಯ ದಿನ ಬೆಳಗ್ಗೆ ಅವಳೇ ಒಂದು ಉಪಾಯ ಮಾಡಿದಳು. ದೇವರ ಕೋಣೆಯಿಂದ ಖಡ್ಗ ತರಿಸಿ, “ಒಂದ ನಿಮಿಷ ಹಿಡೀರಿ, ಒಡಪು ಹೇಳ್ರಿ” ಎಂದಳು. ಅಂಗಳದಲ್ಲಿ ಅಜ್ಜನವರು ಅಂಗಿ ಕಳಚಿದರು. ಬಲಗೈ ಮೇಲೆದ್ದಿತು. ಒಡಪಿನ ಮೊದಲ ಸೊಲ್ಲಿಗೆ ಬಾಗಿದ ಬೆನ್ನು, ನೆಟ್ಟಗಾಯಿತೆಂದು ಹೇಳಲಾರೆ, ಎಳೆದ ಬಿಲ್ಲಿನಂತೆ ಬಿಗಿಯಿತು. ಭಾರವೆಲ್ಲ ಹಿಂಗಾಲಿಗೆ ಬಂತು. ಓಣಿಯ ಜನ ಬಾಗಿಲಲ್ಲಿ ನಿಂತರು. ನಿಮಿಷ ತುಂಬುವ ಮೊದಲೇ ತೋಳು ನಡುಗಿ ಇಳಿಯಿತು. ಹಾಳೆಯ ಮೇಲೆ ಏಳೆಂಟು ಗೆರೆಗಳಿದ್ದವು. ಒಣಗಿದ ಎಡಗೈ ಹಾಗೆಯೇ ಜೋತುಬಿದ್ದಿತ್ತು. ಅದನ್ನು ಅವಳು ಮರೆಸಿರಲಿಲ್ಲ. ಅಜ್ಜನವರು ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು, “ಇದು ನಾನs” ಎಂದರು.

ಮೂಲೆಯಲ್ಲಿ ಕೂತಿದ್ದ ಹುಡುಗಿಯ ತಂದೆಯ ಕಡೆ ತಿರುಗಿ ಅವರು ಆಡಿದ ಮಾತನ್ನು ಆದಷ್ಟು ಹಾಗೆಯೇ ಕೊಡುತ್ತೇನೆ. “ನಲವತ್ತು ವರ್ಸ ಬರೇ ಮೈಲೆ ಸಾವಿರ ಮಂದಿ ಮುಂದ ಕುಣದೀನಿ. ಹೆಣ್ಣಮಕ್ಕಳು ಆರತಿ ತಗೊಂಡು ಬಂದು ನನ್ನ ಕಾಲಿಗೆ ನೀರು ಹಾಕ್ಯಾರ. ಅವಾಗ ಯಾರಿಗೂ ನಾಚಿಕಿ ಬರಲಿಲ್ಲ. ಈಕಿ ಕಡ್ಡಿ ಹಿಡದು ನೋಡಿದ್ರ ಬರತೈತೇನು? ಆ ಕಾಲೇಜಿನಾಗ ಕೂಡೂ ಮನಷ್ಯಾಗ ಮರ್ಯಾದಿ ಕೊಡತಾರೇನು, ಪಗಾರ ಕೊಡತಾರೇನು, ಅದನ್ನ ಕೇಳು.”

ನನಗೆ ಹೊಳೆಯದ ಪ್ರಶ್ನೆ ಅದು. ನಾವೆಲ್ಲ ನೋಡುವ ಹುಡುಗಿಯ ವಿಚಾರದಲ್ಲಿ ಮುಳುಗಿದ್ದೆವು. ನೋಡಿಸಿಕೊಳ್ಳಲು ಕೂರುವವನ ಕಡೆಯಿಂದ ಒಬ್ಬರೂ ಯೋಚಿಸಿರಲಿಲ್ಲ. ತಂದೆ ಮಗಳನ್ನು ಕೇಳಿದ. ಅವಳು ಹೇಳಿದಳು: ಕೂರುವವರು ಹೆಚ್ಚಾಗಿ ಕೂಲಿಯವರು, ವಯಸ್ಸಾದವರು, ತಾಸಿನ ಲೆಕ್ಕದಲ್ಲಿ ಹಣ ಕೊಡುತ್ತಾರೆ, ಫೋಟೋ ತೆಗೆಯಲು ಯಾರಿಗೂ ಪರವಾನಗಿಯಿಲ್ಲ, ಕೂತವರು ಸಾಕೆಂದರೆ ಅಲ್ಲಿಗೆ ಮುಗಿಯಿತು. ಒಬ್ಬ ಅಜ್ಜಿ ಬರುತ್ತಾಳೆ, ಕೂತಲ್ಲೇ ತೂಕಡಿಸುತ್ತಾಳೆ, ಹುಡುಗರು ಅವಳ ನಿದ್ದೆಯನ್ನೇ ಬರೆಯುತ್ತಾರೆ. ತಂದೆ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಎದ್ದುಹೋಗುತ್ತ, ಫೀ ಕಟ್ಟುವ ಕೊನೆಯ ದಿನ ಯಾವುದೆಂದು ಹೆಂಡತಿಯನ್ನು ಕೇಳಿದ್ದು ನನ್ನ ಕಿವಿಗೆ ಬಿತ್ತು.

ನಾನು ತೀರ್ಪು ಹೇಳಲು ಹೋದವನು. ಹೇಳುವ ಪ್ರಸಂಗವೇ ಬರಲಿಲ್ಲ. ಹೊರಡುವ ಮುನ್ನ ವೀರಭದ್ರೇಶ್ವರನ ದರ್ಶನಕ್ಕೆ ಹೋದೆ. ಬಂದು ನೋಡಿದರೆ ಮನೆಯಲ್ಲಿ ಗಡಿಬಿಡಿ. ಇದ್ದಿಲು ಹಾಳೆಗೆ ಅಂಟಿಕೊಳ್ಳುವುದಿಲ್ಲ, ಕೈ ತಾಗಿದರೆ ಅಳಿಸುತ್ತದೆ. ಅದರ ಮೇಲೆ ಅಂಟುದ್ರಾವಣ ಸಿಂಪಡಿಸಿ ಒಣಗಿಸಬೇಕು. ಹುಡುಗಿ ಅದನ್ನು ಮಾಡುತ್ತಿದ್ದಳು. ಅಜ್ಜನವರು ಏಳೆಂಟು ಗೆರೆಯ ಹಾಳೆಯನ್ನು ಗೋಡೆಗೆ ಹಾಕಿಸಿಕೊಂಡಿದ್ದರು. ದೊಡ್ಡ ಚಿತ್ರವನ್ನು ಹರಿದುಹಾಕಿಸುತ್ತಾರೇನೋ ಎಂದು ನನಗೆ ಅಂಜಿಕೆಯಿತ್ತು. ಅದನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಸಿ, ತಗಡಿನ ಟ್ರಂಕಿನಲ್ಲಿ ಇಡಿಸಿ, ಟ್ರಂಕನ್ನು ಅಟ್ಟಕ್ಕೆ ಏರಿಸಲು ಇಬ್ಬರು ಹುಡುಗರಿಗೆ ಕೂಗಿ ಹೇಳುತ್ತಿದ್ದರು.

“ಇನ್ನೂ ಮ್ಯಾಲ ಇಡ್ರೋ. ಹತ್ತೊಂಬತ್ತರಾಗ ನೀರು ಆ ಗೂಟದ ತನಕಾ ಬಂದಿತ್ತು.”